ಅಜ್ಜಿಯ ಕ್ಯಾಸೆಟ್, ಹಾಡಿನ ಪುಸ್ತಕ, ಹಾರ್ಮೋನಿಯಂ ಎಲ್ಲ ಉಂಟು. ವರ್ಷಾಂತಿಕಕ್ಕೆ ಎಂತ ಮಾಡಬಹುದು?

ಚಾವಡಿಮೂಲೆ (ಉಡುಪಿ):

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನಮ್ಮ ಅಜ್ಜಿ, ಅಪ್ಪನ ಅಮ್ಮ, ಹೋದ ಮಳೆಗಾಲದಲ್ಲಿ ತೀರಿಕೊಂಡರು. ತೊಂಬತ್ತು ದಾಟಿತ್ತು. ಕೊನೆಯ ತನಕ ನಾಲಿಗೆ ಚುರುಕು, ಕಿವಿ ಅದಕ್ಕಿಂತ ಚುರುಕು. ಟಿವಿಯಲ್ಲಿ ಯಾರಾದರೂ ಶ್ರುತಿ ಬಿಟ್ಟು ಹಾಡಿದರೆ ಮಲಗಿದಲ್ಲಿಂದಲೇ "ಆ ಮಾಣಿಗೆ ಸ್ವಲ್ಪ ನೀರು ಕೊಡಿ" ಎನ್ನುತ್ತಿದ್ದರು. ವರ್ಷಾಂತಿಕಕ್ಕೆ ಇನ್ನು ಕೆಲವೇ ತಿಂಗಳು. ಮುಂಬೈ, ಬೆಂಗಳೂರು, ದುಬೈ ಕಡೆಯವರೆಲ್ಲ ಬರುತ್ತಾರೆ. ಅಜ್ಜಿಯ ನೆನಪಿಗೆ ಏನಾದರೂ ಮಾಡಬೇಕು ಅಂತ ಮನೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಚರ್ಚೆ. ಚರ್ಚೆ ಅಂದರೆ ಜಗಳ ಅಂತ ಓದಿಕೊಳ್ಳಿ.

ಚಿಕ್ಕಪ್ಪನಿಗೆ ಒಂದು ಬಣ್ಣದ ಪುಸ್ತಕ ಬೇಕು. ಮುಖಪುಟದಲ್ಲಿ ಅಜ್ಜಿಯ ಫೋಟೋ, ಕೆಳಗೆ 'ಗಾನ ಸರಸ್ವತಿ'. ಒಳಗೆ ಎಲ್ಲರೂ ಒಂದೊಂದು ಪುಟ ಹೊಗಳಿ ಬರೆಯುವುದು. ನನಗೆ ಯಾಕೋ ಅದು ಹಿಡಿಸುತ್ತಿಲ್ಲ. ಅಜ್ಜಿ ಕಛೇರಿ ಮಾಡಿದವರಲ್ಲ. ವೇದಿಕೆ ಹತ್ತಿದ್ದು ಅಂದರೆ ಭಜನಾ ಮಂಡಳಿಯವರ ಜೊತೆ ಕೃಷ್ಣಮಠದ ರಾಜಾಂಗಣದಲ್ಲಿ, ಅದೂ ಹಿಂದಿನ ಸಾಲಿನಲ್ಲಿ ತಾಳ ಹಿಡಿದುಕೊಂಡು. ಆದರೆ ಮನೆ ನಡೆದದ್ದೇ ಅವರ ಹಾಡಿನ ಮೇಲೆ. ಅಡುಗೆಮನೆಯಿಂದ ಹಾಡು ನಿಧಾನಕ್ಕೆ, ನುಡಿ ನುಡಿಯಾಗಿ ಬರುತ್ತಿದ್ದರೆ ಪಿಕ್ಚರಿಗೆ ದುಡ್ಡು ಕೇಳಬಹುದು. ಬಾಯಿ ಮುಚ್ಚಿಕೊಂಡು ಗುಂಯ್ ಅಂತ ಗುನುಗುತ್ತಿದ್ದರೆ ಆ ಕಡೆ ತಲೆ ಹಾಕುವ ಹಾಗಿಲ್ಲ. ಇದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದು ಒಕ್ಕಲುಗಳಿಂದ ಬರುತ್ತಿದ್ದ ಗೇಣಿ ನಿಂತಿತಲ್ಲ, ನಮ್ಮ ಮನೆಯಲ್ಲಿ ಇವತ್ತಿಗೂ ಅದನ್ನು 'ಡಿಕ್ಲರೇಶನ್' ಅಂತಲೇ ಹೇಳುವುದು. ಆಗ ಅಜ್ಜ ಜಗಲಿಯಲ್ಲಿ ಸುಮ್ಮನೆ ಕೂತುಬಿಟ್ಟರಂತೆ. ಅಜ್ಜಿ ಕೂರಲಿಲ್ಲ. ಹಪ್ಪಳ ಶುರು ಮಾಡಿದರು. ಹಲಸಿನಕಾಯಿ ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಸೊಸೆಯರು, ಹೆಣ್ಣುಮಕ್ಕಳು, ಪಕ್ಕದ ಮನೆಯವರು ಎಲ್ಲ ಸಾಲಾಗಿ ಕೂತು ಒತ್ತುವುದು. ಎದುರಿಗೆ ಕೂತು ಅಜ್ಜಿ ಲಕ್ಷ್ಮೀ ಶೋಭಾನೆ ಎತ್ತಿಕೊಳ್ಳುತ್ತಿದ್ದರು. ಒಂದು ನುಡಿ, ಒಂದು ಹಪ್ಪಳ. ನೂರಕ್ಕೂ ಮಿಕ್ಕಿ ನುಡಿ ಇರುವ ಹಾಡು ಅದು, ಮುಗಿಯುವಾಗ ಅಂಗಳದ ಚಾಪೆ ತುಂಬಿರುತ್ತಿತ್ತು. ಯಾರದ್ದಾದರೂ ಕೈ ಹಿಂದೆ ಬಿದ್ದರೆ ಬೈಯುತ್ತಿರಲಿಲ್ಲ. ಅವರ ಮುಖ ನೋಡಿಕೊಂಡು ಪಲ್ಲವಿಯನ್ನು ಇನ್ನೊಮ್ಮೆ ಹೇಳುತ್ತಿದ್ದರು. ಬೈದಿದ್ದರೆ ಇದಕ್ಕಿಂತ ವಾಸಿ ಇತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಆ ಹಪ್ಪಳದ ದುಡ್ಡಿನಲ್ಲೇ ಅಪ್ಪನ ಕಾಲೇಜು ಫೀಸು, ದೊಡ್ಡತ್ತೆಯ ಮದುವೆ, ಮಾಡಿಗೆ ಹೊಸ ಹಂಚು.

ಈಗ ನಮ್ಮ ಹತ್ತಿರ ಇರುವುದು ಒಂದು ಬಿಸ್ಕಿಟ್ ಡಬ್ಬಿ ತುಂಬ ಕ್ಯಾಸೆಟ್. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಒಂದರ ಮೇಲೆ ಅಜ್ಜಿಯದೇ ಅಕ್ಷರದಲ್ಲಿ "ಇದರ ಮೇಲೆ ಪಿಕ್ಚರ್ ಹಾಡು ತುಂಬಿಸಿದವರಿಗೆ ಊಟ ಇಲ್ಲ" ಅಂತ ಉಂಟು. ಆಮೇಲೆ ಹಾಡಿನ ಪುಸ್ತಕಗಳು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ, ಅದಕ್ಕೂ ಮೊದಲು ಮನೆಯ ರೇಡಿಯೋ ಧಾರವಾಡ, ಭದ್ರಾವತಿ ಹಿಡಿಯುತ್ತಿತ್ತಂತೆ. ದೇವರನಾಮ ಬಂದ ಕೂಡಲೇ ಅಜ್ಜಿ ಕೈ ಒರೆಸಿಕೊಂಡು ಓಡಿ ಬಂದು ಬರೆದುಕೊಳ್ಳುವುದು. ಗರಗರ ಸದ್ದಿನಲ್ಲಿ ಒಂದು ಸಾಲು ಕೇಳದಿದ್ದರೆ ಅಷ್ಟು ಜಾಗ ಖಾಲಿ ಬಿಡುವುದು. ಮುಂದೆ ಯಾವತ್ತೋ ಅದೇ ಹಾಡು ಮತ್ತೆ ಬಂದಾಗ ತುಂಬಿಸುವುದು. ಹಾಗಾಗಿ ಒಂದೇ ಹಾಡಿನಲ್ಲಿ ನೀಲಿ ಶಾಯಿ, ಕಪ್ಪು ಶಾಯಿ, ಪೆನ್ಸಿಲ್ ಮೂರೂ ಕಾಣುತ್ತದೆ. ಕೆಲವು ಸಾಲು ಇವತ್ತಿಗೂ ಖಾಲಿ. ಹಿಂದಿನ ಪುಟಗಳಲ್ಲಿ ಹಾಲಿನ ಲೆಕ್ಕ. ಕೊನೆಗೆ ಹಾರ್ಮೋನಿಯಂ. ಅದರ ಎರಡು ಮನೆ, ಅಂದರೆ ಬೆರಳಲ್ಲಿ ಒತ್ತುವ ಕೀಲಿ, ಒತ್ತಿದರೆ ಮೇಲೆ ಬರುವುದೇ ಇಲ್ಲ.

ಇನ್ನೊಂದು ವಿಷಯ, ಇದನ್ನು ಗುಂಪಿನಲ್ಲಿ ಯಾರೂ ಎತ್ತುತ್ತಿಲ್ಲ. ದೊಡ್ಡತ್ತೆಯದ್ದು ಅಜ್ಜಿಗಿಂತ ಒಳ್ಳೆಯ ಕಂಠ. ಮಂಗಳೂರು ಆಕಾಶವಾಣಿ ಬಂದ ಹೊಸದರಲ್ಲಿ ಅವರಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು "ಆಡಿಷನ್‌ಗೆ ಕಳಿಸಿ" ಅಂದಿದ್ದರಂತೆ. ಅಜ್ಜಿ ಕಳಿಸಲಿಲ್ಲ. ಆಗಲೇ ಗಂಡಿನ ಕಡೆಯವರು ನೋಡಿ ಹೋಗಿದ್ದರು, ಮನೆಯಲ್ಲಿ ದುಡ್ಡೂ ಇರಲಿಲ್ಲ, ರೇಡಿಯೋದಲ್ಲಿ ಹಾಡುವ ಹುಡುಗಿ ಅಂದರೆ ಆ ಕಡೆಯವರು ಏನಂದುಕೊಳ್ಳುತ್ತಾರೋ ಅಂತ ಹೆದರಿಕೆ ಬೇರೆ. ಆಮೇಲೆ ಅತ್ತೆ ಮನೆಯ ಹೊರಗೆ ಹಾಡಿದ್ದನ್ನು ಯಾರೂ ಕೇಳಿಲ್ಲ. 'ಗಾನ ಸರಸ್ವತಿ' ಮೆಸೇಜಿಗೆ ಎಲ್ಲರೂ ಕೈಮುಗಿದ ಚಿತ್ರ ಒತ್ತಿದರು. ಅತ್ತೆ ಒತ್ತಲಿಲ್ಲ.

ಕ್ಯಾಸೆಟ್ ಉಳಿಸುವುದು ಹೇಗೆ? ಯೂಟ್ಯೂಬಿಗೆ ಹಾಕುವುದು ಸರಿಯಾ? ಪುಸ್ತಕ ಮಾಡುವುದಾದರೆ ಅದರಲ್ಲಿ ಏನಿರಬೇಕು? ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ಹೇಳಿ ಮಾರಾಯ್ರೆ.

ಹಳೇಟೇಪು (ಮಂಗಳೂರು):

ಕ್ಯಾಸೆಟ್ ವಿಷಯ ನಾನು ಹೇಳುತ್ತೇನೆ, ಉಳಿದದ್ದು ಉಳಿದವರು ಹೇಳಲಿ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಪ್ಲೇಯರಿಗೆ ಹಾಕಬೇಡಿ. "ಒಮ್ಮೆ ಕೇಳಿ ನೋಡುವಾ" ಅಂತ ಮನಸ್ಸಾಗುತ್ತದೆ, ಹಾಕಬೇಡಿ. ಬೂಷ್ಟು ಪ್ಲೇಯರಿನ ಹೆಡ್ಡಿಗೆ (ಟೇಪು ತಾಗಿಕೊಂಡು ಓಡುವ ಭಾಗ) ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಇಷ್ಟು ಉಳಿದದ್ದೇ ಬಿಸ್ಕಿಟ್ ಡಬ್ಬಿಯ ಪುಣ್ಯ. ಬೂಷ್ಟಿನವನ್ನು ಬೇರೆ ಮಾಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ಒಣಗಿಸಿ. ಬಿಸಿಲಿಗೆ ಇಡಬೇಡಿ, ಟೇಪು ಸುರುಟಿಕೊಳ್ಳುತ್ತದೆ. ಒಣಗಿದ ಮೇಲೂ ಬೂಷ್ಟನ್ನು ಒರೆಸುವುದು ಕೈ ಪಳಗಿದವರ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಾಡಬೇಕು.

ಒಳ್ಳೆಯ ಕ್ಯಾಸೆಟ್ಟಿನಿಂದ ಶುರು ಮಾಡಿ. ಮೊದಲು ಅದರ ಮೇಲಂಚಿನ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿಯಿರಿ. ಯಾವ ಬದಿ ನಿಮ್ಮ ಕಡೆ ಇದೆಯೋ ಆ ಬದಿಯದ್ದು ಎಡಗಡೆ ಇರುತ್ತದೆ. ಅದು ಹೋದರೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸುವುದಿಲ್ಲ. ಟೇಪಿನ ಹಿಂದೆ ತಗಡಿಗೆ ಅಂಟಿಸಿದ ಒಂದು ಪುಟ್ಟ ಬಟ್ಟೆಯ ಚೂರು ಇರುತ್ತದೆ, ಹಳೆಯದಾದರೆ ಅದು ಉದುರುತ್ತದೆ. ಉದುರಿದ್ದರೆ ಸದ್ದು ಮಂಕಾಗಿ ಕೇಳುತ್ತದೆ, ಟೇಪು ಹಾಳಾಯಿತು ಅಂತ ಗಾಬರಿ ಆಗಬೇಡಿ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಸುರುಳಿಯನ್ನೇ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಬಹುದು. ಸಿ-90, ಅಂದರೆ 90 ನಿಮಿಷದ ಕ್ಯಾಸೆಟ್, ಇದ್ದರೆ ಇನ್ನಷ್ಟು ಜಾಗ್ರತೆ, ಅದರ ಟೇಪು ಸಿ-60ಕ್ಕಿಂತ ತೆಳು.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ವಾಕ್‌ಮನ್ ತೆಗೆದುಕೊಳ್ಳಬೇಡಿ. ಮೋಟಾರು ಅಲುಗಾಡುತ್ತದೆ, ಅಜ್ಜಿಯ ಶ್ರುತಿಯೇ ನಡುಗಿದ ಹಾಗೆ ಕೇಳುತ್ತದೆ. ಯಾರದ್ದಾದರೂ ಮನೆಯ ಹಳೆಯ ಒಳ್ಳೆಯ ಡೆಕ್ ಕೇಳಿ ತನ್ನಿ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಲೈನ್ ಔಟ್‌ನಿಂದ ಕಂಪ್ಯೂಟರಿಗೆ ವೈರ್ ಕೊಡಿ. ಆಡಾಸಿಟಿ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಉಂಟು, ಅದು ಸಾಕು. ಮೊದಲು ವೇವ್ ಫೈಲ್ ಮಾಡಿ ಇಡಿ. ನಿಮಿಷಕ್ಕೆ 10 ಎಂಬಿ ಲೆಕ್ಕ, ಅರ್ಧ ಗಂಟೆಯ ಒಂದು ಬದಿಗೆ 300 ಎಂಬಿ. ಹಂಚಲಿಕ್ಕೆ ಎಂಪಿ3 ಆಮೇಲೆ ಮಾಡಿದರಾಯಿತು.

ಈಗ ಒಂದು ಮಜಾ ಹೇಳುತ್ತೇನೆ. ಆಗ ಟೇಪ್ ರೆಕಾರ್ಡರ್ ಸೆಲ್ಲಿನಲ್ಲಿ ಓಡುತ್ತಿತ್ತು. ಸೆಲ್ಲು ಇಳಿದಾಗ ರೆಕಾರ್ಡ್ ಮಾಡಿದ್ದರೆ ಈಗ ಕೇಳುವಾಗ ಹಾಡು ಓಡುತ್ತದೆ, ಶ್ರುತಿಯೂ ಮೇಲೆ ಹೋಗಿರುತ್ತದೆ. ನಿಮ್ಮ ಮನೆಯ ಹಾರ್ಮೋನಿಯಂ ಇದೆಯಲ್ಲ, ಆ ಕ್ಯಾಸೆಟ್ಟಿನಲ್ಲಿ ಅದನ್ನೇ ನುಡಿಸಿದ್ದರೆ ನಿಮ್ಮ ಕೆಲಸ ಸುಲಭ. ಅಜ್ಜಿ ಹಿಡಿದ ಮನೆಯನ್ನು ಒತ್ತಿ, ಟೇಪಿನ ಜೊತೆ ಕೂಡುತ್ತದಾ ನೋಡಿ. ಕೂಡದಿದ್ದರೆ ಕೂಡುವ ತನಕ ವೇಗ ಇಳಿಸಿ. ಮತ್ತೆ, ಸದ್ದು ಕ್ಲೀನ್ ಮಾಡುವ ಹುಚ್ಚು ಬೇಡ. ಜಾಸ್ತಿ ಒರೆಸಿದರೆ ಉಸಿರೂ ಹೋಗುತ್ತದೆ. ಹಾಡಿನ ಮೊದಲು "ಕೆಂಪು ಲೈಟು ಹತ್ತಿತಾ?" ಅಂತ ಕೇಳಿದ್ದು, ನಡುವೆ ಕಾಗೆ ಕೂಗಿದ್ದು, ಯಾರೋ ಮಜ್ಜಿಗೆ ಕೇಳಿದ್ದು, ಒಂದನ್ನೂ ಕತ್ತರಿಸಬೇಡಿ.

ಏಕಾದಶಿಅಕ್ಕ (ಉಡುಪಿ):

ಓದಿ ಮುಗಿಸುವಾಗ ನಮ್ಮ ಅತ್ತೆಯ ನೆನಪಾಯಿತು. ಅವರೂ ಹೀಗೆಯೇ, ಸಾರಿಗೆ ಉಪ್ಪು ಕಮ್ಮಿ ಆದರೆ ಸುಮ್ಮನಿರುತ್ತಿದ್ದರು, ತಾಳ ತಪ್ಪಿದರೆ ಇಲ್ಲ.

ನನ್ನ ಪ್ರಕಾರ ಕ್ಯಾಸೆಟ್ಟಿಗಿಂತ ಆ ಪುಸ್ತಕಗಳು ದೊಡ್ಡ ಆಸ್ತಿ. ಟೈಪ್ ಮಾಡಿಸುವ ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ, ಹಾಲಿನ ಲೆಕ್ಕವೂ ಸೇರಿ. ಹಾಲಿನ ದರ ನೋಡಿದರೆ ಯಾವ ಕಾಲದ ಪುಸ್ತಕ ಅಂತ ಅಂದಾಜು ಸಿಗುತ್ತದೆ. ಕಾಗುಣಿತ ತಿದ್ದಲಿಕ್ಕೆ ಹೋಗಬೇಡಿ. ಖಾಲಿ ಬಿಟ್ಟ ಸಾಲನ್ನು ಈಗ ನೀವು ಅಚ್ಚಿನ ಪುಸ್ತಕ ನೋಡಿ ತುಂಬಿಸಬೇಡಿ. ಅದು ಖಾಲಿಯೇ ಇರಲಿ.

ಪ್ರತಿ ಹಾಡಿನ ಕೊನೆಯ ನುಡಿಯಲ್ಲಿ ಅಂಕಿತ, ಅಂದರೆ ಹಾಡು ಕಟ್ಟಿದವರ ಗುರುತಿನ ಹೆಸರು, ನೋಡಿ. ಪುರಂದರ ವಿಠಲ ಎಲ್ಲರಿಗೂ ಗೊತ್ತು. ಹಯವದನ ಅಂತ ಇದ್ದರೆ ವಾದಿರಾಜರದ್ದು, ಲಕ್ಷ್ಮೀ ಶೋಭಾನೆಯೂ ಅವರದ್ದೇ. ಭೀಮೇಶಕೃಷ್ಣ ಇದ್ದರೆ ಹರಪನಹಳ್ಳಿ ಭೀಮವ್ವ. ಹೆಳವನಕಟ್ಟೆ ರಂಗ ಅಂದರೆ ಗಿರಿಯಮ್ಮ. ನಮ್ಮ ಕಡೆಯ ಹೆಂಗಸರ ಪುಸ್ತಕಗಳಲ್ಲಿ ಈ ಇಬ್ಬರ ಹಾಡು ಜಾಸ್ತಿ ಸಿಗುತ್ತದೆ, ಗಂಡಸರು ಮಾಡಿದ ಪಟ್ಟಿಯಲ್ಲಿ ಕಮ್ಮಿ. ಅಂಕಿತವೇ ಇಲ್ಲದ ಹಾಡು ಇದ್ದರೆ ಮಾತ್ರ ಎರಡು ಸಲ ಓದಿ. ಆರತಿ ಹಾಡು, ಮದುವೆಯ ಉರುಟಣೆ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಇವನ್ನೆಲ್ಲ ಅಜ್ಜಿಯಂದಿರು ತಾವೇ ಕಟ್ಟುತ್ತಿದ್ದರು, ಯಾರಿಗೂ ಹೇಳುತ್ತಿರಲಿಲ್ಲ.

ರಾಗದ ಹೆಸರು ಹಾಕಲಿಕ್ಕೆ ಹೋಗಬೇಡಿ. ನಿಮ್ಮ ಚಿಕ್ಕಪ್ಪ ಖಂಡಿತ ಹಾಕುತ್ತಾರೆ, ತಡೆಯಿರಿ. ದಾಸರ ಕಾಲದ ಮಟ್ಟು ಹೆಚ್ಚಿನವು ನಮಗೆ ಉಳಿದಿಲ್ಲ, ಒಂದೊಂದು ಮನೆಯಲ್ಲಿ ಒಂದೊಂದು ಧಾಟಿ. ಅಜ್ಜಿ ಅದನ್ನು ತನ್ನ ಅತ್ತೆಯಿಂದ ಕಲಿತಿರಬಹುದು, ರೇಡಿಯೋದಿಂದ ಎತ್ತಿರಬಹುದು, ಯಾವುದೋ ಪಿಕ್ಚರ್ ಹಾಡಿನದ್ದೇ ಇರಬಹುದು (ಊಟ ಇಲ್ಲ ಅಂತ ಬರೆದವರೇ ಮಾಡಿರುತ್ತಾರೆ, ನೋಡಿ ಬೇಕಾದರೆ). ರಾಗದ ಬದಲು ಇದನ್ನು ಬರೆಯಿರಿ: ಯಾವಾಗ ಹೇಳುತ್ತಿದ್ದರು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು.

ಇನ್ನು ವರ್ಷಾಂತಿಕದ ದಿನ. ಶೋಭಾನೆ ಮಂಗಳದ ಹಾಡು, ನಮ್ಮ ಮನೆಗಳಲ್ಲಿ ಶ್ರಾದ್ಧದ ದಿನ ಹೇಳುವುದಿಲ್ಲ. ಪುರೋಹಿತರ ಹತ್ತಿರ ಒಂದು ಮಾತು ಕೇಳಿ, ಮರುದಿನ ಇಟ್ಟುಕೊಳ್ಳಿ. ಆಗ ಮಡಿ ಅದು ಇದು ಅಂತ ಗಡಿಬಿಡಿ ಇರುವುದಿಲ್ಲ, ಹೆಂಗಸರೂ ಆರಾಮ ಕೂತು ಹಾಡಬಹುದು.

ದೊಡ್ಡತ್ತೆಯ ವಿಷಯ. ಅದನ್ನು ಬಿಟ್ಟು ಪುಸ್ತಕ ಮಾಡಿದರೆ ಆ ಪುಸ್ತಕವನ್ನು ಅವರು ತೆರೆದೂ ನೋಡುವುದಿಲ್ಲ. ಬರೆಯಬೇಕು, ಆದರೆ ನೀವು ಬರೆಯುವುದಲ್ಲ. ಅವರೇ ಬರೆಯಬೇಕು, ಇಲ್ಲದಿದ್ದರೆ ಬೇಡ. ಅಜ್ಜಿ ಒಳ್ಳೆಯವರೂ ಹೌದು, ಮಗಳನ್ನು ತಡೆದದ್ದೂ ಹೌದು. ಆ ತಲೆಮಾರಿನ ಯಜಮಾನ್ತಿಯರಲ್ಲಿ ತಡೆಯದವರು ಯಾರಿದ್ದಾರೆ ಹೇಳಿ? ತಾವೂ ಹಾಗೆ ತಡೆಸಿಕೊಂಡೇ ಬಂದವರು ಅಲ್ವಾ.

ಬಿಜೈಯಿಂದ (ಮಂಗಳೂರು):

ನಮ್ಮದು ಕ್ರೈಸ್ತರ ಮನೆ, ಕೊಂಕಣಿ ಮಾತಾಡುವವರು. ಆದರೂ ಕಥೆ ಅದೇ. ನಮ್ಮ ವ್ಹಡ್ಲಿಮಾಂಯ್, ಅಂದರೆ ಅಜ್ಜಿ, ರೋಸ್‌ಗಳಲ್ಲಿ ವೊವಿಯೊ ಹೇಳುವವರು. ರೋಸ್ ಅಂದರೆ ಮದುವೆಯ ಮುಂಚಿನ ದಿನ ಮದುಮಗಳಿಗೆ, ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅವರು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ತಿರುಗಿ ಹೇಳುವುದು. 2008ರಲ್ಲಿ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆಯವರು ಮಂಗಳೂರಿನಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರಲ್ಲ, ಆಗ ಪೇಪರ್ ಓದಿ ಹೇಳಿದರೆ ವ್ಹಡ್ಲಿಮಾಂಯ್ "40 ಗಂಟೆಯಾ? ನಮ್ಮ ಕಾಲದಲ್ಲಿ ಒಂದು ಮದುವೆಯೇ ವಾರ ನಡೀತಿತ್ತು" ಅಂದರು.

ಅವರು ಹೋದ ಮೇಲೆ ಅವರ ತಂಗಿಯಿಂದ ಹಾಡು ಬರೆಸಿಕೊಳ್ಳಲಿಕ್ಕೆ ಹೋದೆವು. ಮೊಬೈಲ್ ಎದುರಿಗೆ ಇಟ್ಟು, ಫ್ಯಾನ್ ಆಫ್ ಮಾಡಿ, "ಹೇಳಿ ಮಾಯ್" ಅಂದರೆ ಒಂದು ಸಾಲೂ ಬರಲಿಲ್ಲ. "ಮರ್ತು ಹೋಗಿದೆ ಮಗಾ" ಅಷ್ಟೇ. ಮಧ್ಯಾಹ್ನ ಮೆಟ್ಟುಕತ್ತಿಯಲ್ಲಿ ಕೂತು ಕಾಯಿ ತುರಿಯುತ್ತಾ ಇರುವಾಗ ತಾವಾಗಿಯೇ ಶುರು ಮಾಡಿದರು. ಕೈ ಆಡುತ್ತಾ ಇದ್ದರೆ ಹಾಡು ಬರುತ್ತದೆ. ನಿಮ್ಮಲ್ಲಿ ಹಪ್ಪಳದ ಕಾಲ ಈಗ ಬಂತಲ್ಲ, ಅಮ್ಮ, ಅತ್ತೆ, ಚಿಕ್ಕಮ್ಮಂದಿರನ್ನು ಸಾಲಾಗಿ ಕೂರಿಸಿ ಹಲಸಿನ ಹಿಟ್ಟು ಕೊಡಿ. ಮೊಬೈಲನ್ನು ಕಿಟಕಿಯ ಮೇಲೆ ಇಟ್ಟು ನೀವು ಆಚೆ ಹೋಗಿ. "ಅಜ್ಜಿ ಬಗ್ಗೆ ಏನಾದರೂ ಹೇಳಿ" ಅಂತ ಮಾತ್ರ ಕೇಳಬೇಡಿ. ಎಲ್ಲರೂ ಒಂದೇ ನಮೂನೆ "ದೇವರಂಥವರು" ಅನ್ನುತ್ತಾರೆ, ಮುಗಿಯಿತು. ಹಾಡು ಹಾಕಿ, ತಪ್ಪು ಸಾಲು ಹೇಳಿ ನೋಡಿ. ತಿದ್ದಲಿಕ್ಕೆ ಹತ್ತು ಜನ ಬರುತ್ತಾರೆ, ಕಥೆಯೂ ಅದರ ಹಿಂದೆಯೇ ಬರುತ್ತದೆ.

ಯೂಟ್ಯೂಬ್: ಎಲ್ಲರಿಗೂ ಕಾಣುವ ಹಾಗೆ ಹಾಕಬೇಕಂತಿಲ್ಲ. ಲಿಂಕ್ ಇದ್ದವರಿಗೆ ಮಾತ್ರ ಸಿಗುವ ಹಾಗೆ ಇಡಬಹುದು. ದಾಸರ ಪದಗಳಿಗೆ ಯಾರ ಅಪ್ಪಣೆಯೂ ಬೇಡ, ಆದರೆ ಕ್ಯಾಸೆಟ್ಟಿನಲ್ಲಿ ರೇಡಿಯೋದಿಂದ ತುಂಬಿಸಿದ್ದು ಇದ್ದರೆ ಅದನ್ನು ಬೇರೆ ಮಾಡಿ, ಅದು ನಿಮ್ಮದಲ್ಲ. ನಮ್ಮ ದೇಶದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, ಹಾಡಿದವರ ಹಕ್ಕು 50 ವರ್ಷ ಇರುತ್ತದೆ.

ಚಾವಡಿಮೂಲೆ (ಉಡುಪಿ):

ಏಕಾದಶಿಅಕ್ಕ, ನಿಮ್ಮ ಮಾತು ಕೇಳಿ ನಿನ್ನೆ ರಾತ್ರಿ ಪುಸ್ತಕ ತೆರೆದು ಕೂತೆ. ಅಂಕಿತ ಇಲ್ಲದ ಹಾಡು ಒಂದಲ್ಲ, ಸುಮಾರು ಉಂಟು! ಒಂದು ಉರುಟಣೆ ಹಾಡಿನಲ್ಲಿ ನಮ್ಮ ದೊಡ್ಡ ಮಾವ, ಅಂದರೆ ದೊಡ್ಡತ್ತೆಯ ಗಂಡ, ಹೆಸರು ಸಮೇತ ಇದ್ದಾರೆ. ಮದುವೆಗೆ ಬಂದವರು ಹೋಳಿಗೆ ಎಣಿಸದೆ ತಿಂದದ್ದು, ಮದುಮಗ ಹಾಡು ಬರುತ್ತದೆ ಅಂತ ಹೇಳಿ ಕೆಮ್ಮಿದ್ದು, ಆಮೇಲೆ ಕೊನೆಯಲ್ಲಿ ಒಂದು ನುಡಿ. ನಮ್ಮ ಗಿಳಿಯನ್ನು ನಿಮ್ಮ ಮನೆಗೆ ಕೊಟ್ಟಿದ್ದೇವೆ, ದಿನಕ್ಕೆ ಒಂದು ಸಲವಾದರೂ ಅದು ಹಾಡಲಿಕ್ಕೆ ಬಿಡಿ, ಅನ್ನುವ ಅರ್ಥದ್ದು. ಗೇಲಿ ಹಾಡಿನ ನಡುವೆ ಇದು ಯಾಕೆ ಬಂತು ಅಂತ ಅಮ್ಮನನ್ನು ಕೇಳಿದೆ. ಅಮ್ಮ ಪುಸ್ತಕ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ಮದುವೆ ದಿನ ಇದನ್ನು ಹೇಳಲಿಲ್ಲ, ಈ ನುಡಿ ನಾನು ಕೇಳಿಯೇ ಇಲ್ಲ" ಅಂದರು.

ಅತ್ತೆಗೆ ತೋರಿಸಬೇಕಾ ಬೇಡವಾ ಗೊತ್ತಾಗುತ್ತಿಲ್ಲ.

ಪಿಕ್ಚರ್ ಧಾಟಿಯ ವಿಷಯವೂ ಸರಿಯೇ. ಒಂದು ಆರತಿ ಹಾಡಿನ ತಲೆಯ ಮೇಲೆ ಸಿನಿಮಾ ಹಾಡಿನ ಮೊದಲ ಸಾಲನ್ನು ಸಣ್ಣಕ್ಕೆ ಬರೆದು, ಹೊಡೆದು ಹಾಕಿದ್ದಾರೆ.

ಹಳೇಟೇಪು ಅಣ್ಣಾ, ನಮ್ಮ ಹಾರ್ಮೋನಿಯಂನ ಸರಿ ಇರುವ ಮನೆಗಳಲ್ಲೇ ಅಜ್ಜಿಯ ಶ್ರುತಿ ಇದೆ, ಪುಣ್ಯಕ್ಕೆ. ಒಳ್ಳೆಯ ಕ್ಯಾಸೆಟ್ ಒಂದನ್ನು ಹಾಕಿದೆವು. ಮೊದಲು ಐದೂವರೆ ಮನೆಯ ಶ್ರುತಿಗೆ ಹಾಡುತ್ತಿದ್ದವರು ಕೊನೆಕೊನೆಗೆ ನಾಲ್ಕಕ್ಕೆ ಇಳಿಸಿದ್ದು ಅಪ್ಪನಿಗೆ ನೆನಪಿತ್ತು. ಈ ಟೇಪಿನಲ್ಲಿ ಐದೂವರೆ ಸರಿಯಾಗಿ ಕೂಡುತ್ತದೆ.

ಕುಂದಾಪ್ರದವ (ಬೆಂಗಳೂರು):

ಎಲ್ಲ ಓದಿದೆ. ಒಂದು ವಿಷಯಕ್ಕೆ ನನ್ನದು ಅಡ್ಡ ಮಾತು.

ಮನೆಯವರಿಗೆ ಮಾತ್ರ ಲಿಂಕ್ ಅಂತ ಇಟ್ಟರೆ ಹತ್ತು ವರ್ಷ ಬಿಟ್ಟು ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಹಾರ್ಡ್ ಡಿಸ್ಕ್ ಎಲ್ಲೋ ಅಟ್ಟದ ಮೇಲೆ ಬಿದ್ದಿರುತ್ತದೆ. ಯೂಟ್ಯೂಬಿನ ಗಲಾಟೆ ಬೇಡ ಅಂದರೆ ಬೇಡ, ಒಪ್ಪಿದೆ. ಆದರೆ ನೀವು ಇರುವುದೇ ಉಡುಪಿಯಲ್ಲಿ. ಎಂಜಿಎಂ ಕಾಲೇಜಿನಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಉಂಟು, ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ಅಲ್ಲೇ. ಕು.ಶಿ. ಹರಿದಾಸ ಭಟ್ಟರು ಕಟ್ಟಿದ್ದು. ಪಾಡ್ದನ (ತುಳುವಿನ ಕಥೆಹಾಡು), ಯಕ್ಷಗಾನ ಎಲ್ಲ ಅಲ್ಲಿಯವರು ರೆಕಾರ್ಡ್ ಮಾಡಿಟ್ಟಿದ್ದಾರೆ. ಹೋಗಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳುತ್ತೀರಾ ಅಂತ. ಮನೆಯ ಹೆಂಗಸರ ಹಾಡು ಅಂದರೆ ದೇವರ ಕೋಣೆಯದ್ದು, ಅದರಲ್ಲಿ ಎಂತ ಉಂಟು ಅಂತ ನಾವೇ ಅಂದುಕೊಂಡಿರುತ್ತೇವೆ.

ಮತ್ತೆ ಚಿಕ್ಕಪ್ಪನ ಮೇಲೆ ಎಲ್ಲರೂ ಯಾಕೆ ಬಿದ್ದಿದ್ದೀರಿ ಮಾರಾಯ್ರೆ? ದೂರ ಇರುವವರಿಗೆ ದುಡ್ಡು ಹಾಕಿ ಏನಾದರೂ ದೊಡ್ಡದು ಮಾಡಬೇಕು ಅನ್ನಿಸುತ್ತದೆ. ನಾನೂ ದೂರ ಇರುವವನೇ, ಅದಕ್ಕೇ ಹೇಳಿದೆ. ಅವರಿಗೆ ಕ್ಯಾಸೆಟ್ಟಿನ ಖರ್ಚು, ಪುಟಗಳ ಫೋಟೋ ತೆಗೆಸುವ ಖರ್ಚು ಒಪ್ಪಿಸಿ. ಮುಖಪುಟಕ್ಕೆ ಆ 'ಊಟ ಇಲ್ಲ' ಅಂತ ಬರೆದ ಕ್ಯಾಸೆಟ್ಟಿನ ಫೋಟೋ ಹಾಕಿ. 'ಗಾನ ಸರಸ್ವತಿ' ತಾನಾಗಿಯೇ ಬಿದ್ದುಹೋಗುತ್ತದೆ.

ಏಕಾದಶಿಅಕ್ಕ (ಉಡುಪಿ):

ಅತ್ತೆಗೆ ತೋರಿಸಿ. ಆದರೆ ಎಲ್ಲರ ಎದುರು ಬೇಡ, ಓದಿ ಹೇಳುವುದೂ ಬೇಡ. ಪುಸ್ತಕವನ್ನೇ ಅವರ ಕೈಗೆ ಕೊಟ್ಟು ಬನ್ನಿ. ಮೊಬೈಲಿನ ಫೋಟೋ ಅಲ್ಲ, ಪುಸ್ತಕ.

ಕುಂದಾಪ್ರದವರ ಮುಖಪುಟದ ಐಡಿಯಾಕ್ಕೆ ನನ್ನ ಓಟು.

ಚಾವಡಿಮೂಲೆ (ಉಡುಪಿ):

ಎಲ್ಲರಿಗೂ ಇಲ್ಲೇ ಉತ್ತರ ಬರೆಯುತ್ತೇನೆ, ತಡವಾಯಿತು.

ಭಾನುವಾರ ಅತ್ತೆಯ ಮನೆಗೆ ಹೋಗಿ ಪುಸ್ತಕ ಕೊಟ್ಟೆ. ಅಲ್ಲೇ ಓದಿದರು. ಏನೂ ಹೇಳಲಿಲ್ಲ, ಕಾಫಿ ಮಾಡಿ ಕೊಟ್ಟರು. ಹೊರಡುವಾಗ "ಈ ಪುಸ್ತಕ ನನ್ನ ಹತ್ತಿರ ಇರಲಿ, ಫೋಟೋ ತೆಗೆದಾಗಿದೆಯಲ್ಲ" ಅಂದರು. ಮೊನ್ನೆ ಅವರಾಗಿಯೇ ಫೋನ್ ಮಾಡಿದರು. ಎರಡು ಪುಟ ಬರೆದು ಕೊಡುತ್ತಾರಂತೆ. ಒಂದೇ ಷರತ್ತು, ಯಾರೂ ತಿದ್ದಬಾರದು, ಮುಖ್ಯವಾಗಿ ನಿಮ್ಮ ಚಿಕ್ಕಪ್ಪ. ಆ ಕೊನೆಯ ನುಡಿ ಪುಸ್ತಕದಲ್ಲಿ ಬರುವುದು ಬೇಡ ಅಂದರು. ಬೇಡ ಅಂದರೆ ಬೇಡ. ಇಲ್ಲಿ ಬರೆದದ್ದಕ್ಕೆ ಬೈದರು ಕೂಡ. ಅಳಿಸಲಾ ಅಂತ ಕೇಳಿದೆ, "ಇರಲಿ ಬಿಡು, ಯಾರಿಗೆ ಗೊತ್ತಾಗುತ್ತದೆ" ಅಂದರು.

ಪುರೋಹಿತರೂ ಅದನ್ನೇ ಹೇಳಿದರು, ಹಾಡು ಮರುದಿನ. ಅಮ್ಮ ಹಪ್ಪಳಕ್ಕೆ ಒಪ್ಪಿದ್ದಾರೆ, ಹಲಸಿನಕಾಯಿ ಈ ಸಲ ಮನೆಯದ್ದೇ ಉಂಟು. ಮೊಬೈಲ್ ಕಿಟಕಿಯಲ್ಲಿ ಇಡುವ ವಿಷಯ ಅವರಿಗೆ ಹೇಳಿಲ್ಲ. ಹೇಳಿಯೇ ಇಡಬೇಕಾ ಅಂತ ಯೋಚನೆ, ಬಹುಶಃ ಹೇಳುತ್ತೇನೆ. ಚಿಕ್ಕಪ್ಪ ಮುಖಪುಟ ನೋಡಿ ಒಂದು ದಿನ ಮಾತಾಡಲಿಲ್ಲ, ಆಮೇಲೆ "ಆ ಪಿಕ್ಚರ್ ಹಾಡು ತುಂಬಿಸಿದ್ದು ನಾನೇ" ಅಂತ ಗುಂಪಿನಲ್ಲಿ ಬರೆದರು.

ಉಳಿದದ್ದು ಹಾರ್ಮೋನಿಯಂ ಒಂದೇ. ಮರುದಿನ ಅತ್ತೆ ಅದನ್ನು ಇಟ್ಟುಕೊಂಡು ಹಾಡುತ್ತೇನೆ ಅಂದಿದ್ದಾರೆ. ಉಡುಪಿ, ಮಂಗಳೂರು ಕಡೆ ಸರಿಯಾಗಿ ರಿಪೇರಿ ಮಾಡುವವರು ಯಾರಾದರೂ ಗೊತ್ತಾ?

ಹಳೇಟೇಪು (ಮಂಗಳೂರು):

ಖಾಸಗಿ ಮೆಸೇಜಿನಲ್ಲಿ ಒಬ್ಬರ ನಂಬರ್ ಕಳಿಸಿದ್ದೇನೆ. ಮಳೆ ಹಿಡಿಯುವ ಮೊದಲು ಕೊಟ್ಟುಬಿಡಿ. ಜೂನ್ ಬಂದರೆ ಮರ ಉಬ್ಬಿ ಈಗ ಸರಿ ಇರುವ ಮನೆಗಳೂ ಹಿಡಿಯುತ್ತವೆ. ರೀಡು (ಒಳಗಿನ ಸ್ವರದ ಲೋಹದ ಪಟ್ಟಿ) ಬದಲಿಸುತ್ತೇನೆ ಅಂದರೆ ಬೇಡ ಅನ್ನಿ, ಹಳೆಯ ರೀಡನ್ನೇ ಉಜ್ಜಿ ಕೂರಿಸಿದರೆ ಸಾಕು. ಬೇರೆ ರೀಡು ಹಾಕಿದರೆ ಟೇಪಿನ ಜೊತೆ ಕೂಡಿಸಿ ನೋಡಲಿಕ್ಕೆ ಆಗುವುದಿಲ್ಲ. ಇನ್ನೂ ಅಷ್ಟು ಕ್ಯಾಸೆಟ್ ಬಾಕಿ ಉಂಟಲ್ಲ ನಿಮ್ಮದು.